ಮೂಡಲ ಬಾಗಿಲಿನ ಕ್ಯಾಬಿನ್ನು

'ಗಾಳಿ ಬೆಳಕು ಧಾರಾಳವಾಗಿರುವ ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡನ್ನು ಯಾವಾಗಲೂ ಮನೆಯ ಹೊರಗಡೆಯೇ ತೂಗುಹಾಕುತ್ತಾರೆ, ನೀವು ಗಮನಿಸಿದ್ದೀರಾ? ಅಲ್ಲಿ ಸುಳ್ಳೇನೂ ಇರುವುದಿಲ್ಲ. ಬೋರ್ಡು ತೂಗುವ ಜಾಗದಲ್ಲಿ ಗಾಳಿಯೂ ಬೆಳಕೂ ನಿಜಕ್ಕೂ ಧಾರಾಳವಾಗಿರುತ್ತವೆ. ಗಾಳಿ ಎಷ್ಟು ಧಾರಾಳವೆಂದರೆ ಬೋರ್ಡು ಪಟಪಟ ಹೊಡೆದುಕೊಳ್ಳುತ್ತಿರುತ್ತದೆ. ನಾವು ಅದನ್ನು ಓದಿ, ಮೆಚ್ಚಿ, ಆಮೇಲೆ ಒಳಗೆ ಹೋಗುತ್ತೇವೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಹೆಂಡತಿ ಸುಗುಣಳೂ ಹಾಗೆ ಒಳಗೆ ಹೋದವರು. ನನಗೆ ಪೀಣ್ಯದ ಒಂದು ಪಂಪು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ಮನೆ ದಾಸರಹಳ್ಳಿಯ ಒಂದು ವಠಾರದಲ್ಲಿ. ಓನರ್ ಮುನಿವೆಂಕಟಪ್ಪನವರು ಊರಿನ ಹಳೇ ರೈತರು. ಮೊದಲು ಆ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರು, ಆಮೇಲೆ ಕಾರ್ಖಾನೆಗಳು ಬಂದ ಮೇಲೆ ರೂಮು ಬೆಳೆಯತೊಡಗಿದರು. ರೂಮಿಗೆ ಮಳೆ ಬೇಕಾಗಿಲ್ಲ, ಕಳೆ ಕೀಳಬೇಕಾಗಿಲ್ಲ ಎಂಬುದು ಗೊತ್ತಾದ ಮೇಲೆ ಅವರು ಒಂದು ಗೇಣು ನೆಲವನ್ನೂ ಬೀಳು ಬಿಡಲಿಲ್ಲ.

ನಾವು ಬಂದಾಗ ನಮ್ಮ ಮನೆಗೆ ಒಂದು ಕಿಟಕಿ ಇತ್ತು. ಸುಗುಣ ಆ ಮನೆ ಒಪ್ಪಿದ್ದೇ ಅದಕ್ಕಾಗಿ. ಅಲ್ಲಿ ನಿಂತು ಕಾಫಿ ಕುಡಿಯುತ್ತಾ ಹುಣಸೇಮರ, ಬಸ್ಸು, ಜಗಳ ಎಲ್ಲ ನೋಡುತ್ತಿದ್ದಳು. ಆಮೇಲೆ ಓನರಿಗೆ ಹಿಂದುಗಡೆ ಇನ್ನೊಂದು ಸಾಲು ರೂಮು ಬೆಳೆಯುವ ಮನಸ್ಸಾಯಿತು. ಆ ಸಾಲಿನ ಬೆನ್ನುಗೋಡೆ ಬಂದು ನಮ್ಮ ಕಿಟಕಿಯ ಸರಳಿಗೆ ಮೂಗು ತಾಗಿಸಿ ನಿಂತಿತು. ನಾನು ಹೋಗಿ ಕೇಳಿದೆ.

"ಕಿಟ್ಕಿ ಎಲ್ಲೋಯ್ತು ಸಾರ್? ಅಲ್ಲೇ ಐತಲ್ಲ! ನಾನೇನ್ ಕಿತ್ಕೊಂಡ್ ಓದ್ನಾ?" ಎಂದರು ಓನರು, ನನಗೇ ಕಣ್ಣಿನ ದೋಷವಿದೆ ಎಂಬಂತೆ.

ಹಾಗೆ ಕಿಟಕಿ ಇದ್ದೂ ಇಲ್ಲದ ಸಂಸಾರ ನಮ್ಮದಾಯಿತು. ಆ ಗೂಡಿನಲ್ಲಿ ನಾನು ಸೀಮೆಎಣ್ಣೆ ಡಬ್ಬ ಇಟ್ಟೆ. ಸುಗುಣ ಕಾಫಿ ಲೋಟ ಹಿಡಿದು ಅಭ್ಯಾಸಬಲದಿಂದ ಅಲ್ಲಿಗೇ ಹೋಗಿ, ಡಬ್ಬ ನೋಡಿ, ವಾಪಸು ಬರುತ್ತಿದ್ದಳು.

ಇಂಥ ಹೊತ್ತಿನಲ್ಲೇ ಪೇಪರಿನಲ್ಲಿ ಆ ಜಾಹೀರಾತು ಬಂತು. 'ಹಡಗಿನಲ್ಲಿ ಸಮುದ್ರ ವಿಹಾರ! ಬೊಂಬಾಯಿಯಿಂದ ಗೋವಾ! ಕ್ಯಾಬಿನ್ ಕೇವಲ ತೊಂಬತ್ತೊಂಬತ್ತು ರೂಪಾಯಿ!' ಜೊತೆಗೆ ಒಂದು ಚಿತ್ರ: ಮೆತ್ತನೆಯ ಮಂಚದ ಮೇಲೆ ಒಬ್ಬ ಹೆಂಗಸು ಒರಗಿದ್ದಾಳೆ, ಎದುರಿಗೆ ಗುಂಡನೆಯ ಕಿಟಕಿ, ಕಿಟಕಿಯ ತುಂಬ ಸಮುದ್ರ. ನಮ್ಮ ಕಾರ್ಖಾನೆಯಲ್ಲಿ ಕ್ಯಾಬಿನ್ನೆಂದರೆ ಮ್ಯಾನೇಜರು ಕೂರುವ ಗಾಜಿನ ಕೋಣೆ. ಅಲ್ಲಿಗೆ ಬೈಸಿಕೊಳ್ಳಲು ಮಾತ್ರ ಹೋಗುತ್ತಿದ್ದೆವು. ದುಡ್ಡು ಕೊಟ್ಟು ಕ್ಯಾಬಿನ್ನಿಗೆ ಹೋಗುವುದೆಂದರೆ ನನಗೆ ವಿಚಿತ್ರವಾಗಿ ಕಂಡಿತು. ಸುಗುಣ ಮಾತ್ರ ಆ ಚಿತ್ರವನ್ನು ಕತ್ತರಿಸಿ, ಡಬ್ಬ ಪಕ್ಕಕ್ಕೆ ಸರಿಸಿ, ಅನ್ನದ ಅಗುಳು ಸವರಿ ಕಿಟಕಿಯ ಗೋಡೆಗೆ ಅಂಟಿಸಿದಳು. ಕಾಫಿ ಕುಡಿಯುತ್ತಾ ಅದರ ಮುಂದೆ ನಿಂತಳು.

"ಈ ಸಲ ಕಾರ್ಖಾನೆಯವರು ಕೊಡೋ ಎಲ್‌ಟಿಸಿ ಪ್ರವಾಸದ ದುಡ್ಡಲ್ಲಿ ಅಲ್ಲಿಗೇ ಹೋಗೋಣ," ಎಂದೆ ನಾನು. "ಕಿಟಕಿ ಇರೋ ಕ್ಯಾಬಿನ್ನೇ ಮಾಡಿಸ್ತೀನಿ."

"ಆಣೆ?"

"ಆಣೆ."

ವಠಾರದಲ್ಲಿ ಗುಟ್ಟು ನಿಲ್ಲುವುದಿಲ್ಲ. ಸಂಜೆಯ ಹೊತ್ತಿಗೆ ಓನರು ಬಂದರು. "ಏನ್ ಸಾರ್, ಜಾಗ ನೋಡ್ದೆ ಅಡ್ವಾನ್ಸ್ ಕೊಟ್ಬುಡ್ತೀರಾ? ಬಾಡ್ಗೆ ಇಚಾರ ನಿಮ್ಗೇನ್ ಗೊತ್ತು? ನಾನ್ ಬತ್ತೀನಿ ನಡೀರಿ," ಎಂದರು. ಬಾಡಿಗೆಯ ವಿಚಾರ ನನಗೆ ಗೊತ್ತಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಒಪ್ಪಿಕೊಂಡೆ. ಅವರ ಹೆಂಡತಿ ಅಕ್ಕಯಮ್ಮನೂ ಸೀರೆ ಬದಲಿಸಿಕೊಂಡು ಹೊರಟರು.

ಏಜೆಂಟರ ಆಫೀಸು ಮೆಜೆಸ್ಟಿಕ್ಕಿನ ಒಂದು ಮಹಡಿಯ ಮೇಲೆ. ಸಫಾರಿ ಸೂಟು ತೊಟ್ಟ ಏಜೆಂಟು ಕೈ ಮುಗಿದು ಕೂರಿಸಿದ. ತೊಂಬತ್ತೊಂಬತ್ತು ರೂಪಾಯಿ ಖಂಡಿತ ನಿಜ ಎಂದ. ಆದರೆ ಅದು ಒಂದು ತಲೆಗೆ. ಅದೂ ನಾಲ್ಕು ತಲೆ ಒಂದೇ ಕ್ಯಾಬಿನ್ನಿನಲ್ಲಿದ್ದರೆ. ಇಬ್ಬರೇ ಹೋದರೆ ಬಾರದ ಇನ್ನಿಬ್ಬರ ದುಡ್ಡನ್ನೂ ನಾವೇ ಕೊಡಬೇಕು. ಊಟ ಬೇರೆ, ಹಾಸಿಗೆ ಬೇರೆ, ಬಂದರಿನ ತೆರಿಗೆ ಬೇರೆ. ಚಿತ್ರದಲ್ಲಿದ್ದ ಆ ಮೆತ್ತನೆಯ ಮಂಚ? ಅದು ಕಪ್ತಾನರದು ಸಾರ್, ಸುಮ್ಮನೆ ನೋಡುವುದಕ್ಕೆ ಹಾಕಿದ್ದೇವೆ.

ಓನರು ಈಗ ಸಿಡಿಯುತ್ತಾರೆ ಎಂದು ನಾನು ಕಾದೆ. ಅವರ ಮುಖದ ಮೇಲೆ ಮೂಡಿದ್ದು ಗೌರವ. "ಸರ್ಯಾಗೇ ಐತಲ್ಲ!" ಎಂದರು. "ನಾನೂ ನೀರು ಬ್ಯಾರೆ, ಕರೆಂಟು ಬ್ಯಾರೆ ಅಂತೀನಲ್ಲ. ನಾಕು ತಲೆ ತಾನೆ? ನಾನೂ ನಮ್ಮೋಳೂ ಬತ್ತೀವಿ."

ನಮ್ಮ ವಿಹಾರಕ್ಕೆ ಓನರು ಸೇರಿದ್ದು ಹೀಗೆ. ಸುಗುಣ ಬೇರೇನೂ ಕೇಳಲಿಲ್ಲ, "ಕಿಟಕಿ ಇದೆ ತಾನೆ?" ಎಂದಳು. "ಕಿಟಕಿ ಇರೋದು ಸ್ವಲ್ಪ ಜಾಸ್ತಿ ಆಗುತ್ತೆ ಮೇಡಂ," ಎಂದ ಏಜೆಂಟು. ಆಣೆ ಮಾಡಿದವನು ನಾನು, ಆಗಲಿ ಎಂದೆ. ಏಜೆಂಟು ಪೆನ್ನು ತೆಗೆದ. ಅಷ್ಟರಲ್ಲಿ ಓನರು ಕೈ ಅಡ್ಡ ಹಿಡಿದರು.

"ತಡೀರಿ. ಬಾಗ್ಲು ಯಾವ್ ಕಡೀಕೈತೆ?"

ಏಜೆಂಟು ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟ. ಗೋಡೆಯ ಮೇಲಿನ ಹಡಗಿನ ನಕ್ಷೆ ನೋಡಿದ. ಓನರ ಮುಖ ನೋಡಿದ. ಅವರ ಹಣೆಯ ವಿಭೂತಿ ನೋಡಿದ. ಅವನಿಗೆ ಜ್ಞಾನೋದಯವಾದದ್ದು ನನಗೇ ಕಂಡಿತು.

"ಕಿಟಕಿ ಇರೋದು ದಕ್ಷಿಣದ ಬಾಗಿಲು ಸಾರ್. ನಿಮ್ಮಂಥೋರಿಗೆ ಆಗಿಬರಲ್ಲ. ಒಳಗಡೆ ಒಂದಿದೆ, ಪೂರ್ವದ ಬಾಗಿಲು. ಇಡೀ ಹಡಗಿಗೆ ಅದೊಂದೇ. ಅದಕ್ಕೆ ಇನ್ನೂ ಸ್ವಲ್ಪ ಜಾಸ್ತಿ."

"ಮೂಡ್ಲು ಬಾಗ್ಲು! ಅದೇ ಹಾಕಪ್ಪ!" ಎಂದರು ಓನರು.

"ಅದರಲ್ಲಿ ಕಿಟಕಿ?" ಎಂದಳು ಸುಗುಣ.

"ಒಳ್ಳೇ ಪರದೆ ಇದೆ ಮೇಡಂ, ಹೂವಿನ ಡಿಸೈನು," ಎಂದ ಏಜೆಂಟು.

ಪರದೆ ಇದ್ದ ಮೇಲೆ ಹಿಂದೆ ಕಿಟಕಿ ಇರಲೇಬೇಕು ಎಂದು ನಾನು ಅಂದುಕೊಂಡೆ. ಹೊಗೆ ಕಂಡು ಬೆಂಕಿಯನ್ನು ಊಹಿಸುವ ತರ್ಕವನ್ನು ನಮ್ಮ ಶಾಸ್ತ್ರಕಾರರು ಶತಮಾನಗಟ್ಟಲೆ ತಿಕ್ಕಿ ತೊಳೆದಿದ್ದಾರೆ. ಅವರು ಯಾರೂ ಟಿಕೆಟ್ ಬುಕ್ ಮಾಡಿಸಿದವರಲ್ಲ.

ಬೊಂಬಾಯಿಗೆ ರೈಲಿನಲ್ಲಿ ಹೋಗಿ, ಬಂದರಿನಲ್ಲಿ ಹಡಗು ಹತ್ತಿದೆವು. ನಮ್ಮ ಕ್ಯಾಬಿನ್ನು ಹಡಗಿನ ಹೊಟ್ಟೆಯೊಳಗೆ, ಇಂಜಿನ್ನಿನ ಪಕ್ಕದಲ್ಲಿ. ಮೇಲೆರಡು ಕೆಳಗೆರಡು ಹಲಗೆ ಮಂಚ. ಎದುರುಗೋಡೆಗೆ ಹೂವಿನ ಪರದೆ. ಸುಗುಣ ಚೀಲ ಕೂಡ ಇಳಿಸದೆ ಹೋಗಿ ಪರದೆ ಸರಿಸಿದಳು. ಹಿಂದೆ ಇದ್ದದ್ದು ಕಬ್ಬಿಣದ ತಗಡು, ಸಾಲಾಗಿ ಬಡಿದ ರಿವೆಟ್ಟುಗಳು.

"ಮನೇಲಿ ಚಿತ್ರನಾದ್ರೂ ಇತ್ತು," ಎಂದು ಪರದೆ ಎಳೆದುಬಿಟ್ಟಳು. ನನಗೆ ಆ ತಗಡಿನೊಳಗೇ ಇಳಿದು ಹೋಗೋಣ ಅನ್ನಿಸಿತು.

ಓನರಿಗೆ ಇದಾವುದೂ ಕಾಣಲಿಲ್ಲ. ಮೆಟ್ಟಿಲು ಹತ್ತಿ ಹೋಗಿ ಸೂರ್ಯನನ್ನು ನೋಡಿ ಬಂದು, ಬಾಗಿಲು ಅಳೆದು, "ಸರ್ಯಾಗ್ ಮೂಡ್ಲಿಗೇ ಐತೆ!" ಎಂದು ಚಪ್ಪಾಳೆ ತಟ್ಟಿದರು. ಅಕ್ಕಯಮ್ಮ ಹೊಸ್ತಿಲ ಕಬ್ಬಿಣಕ್ಕೆ ಅರಿಶಿನ ಕುಂಕುಮ ಇಟ್ಟು, ತಂದಿದ್ದ ಅಕ್ಕಿ ಹಿಟ್ಟಿನಲ್ಲಿ ಎರಡು ಎಳೆ ರಂಗೋಲಿ ಎಳೆದು, ಊದುಬತ್ತಿ ಹಚ್ಚಿದರು. ಹಡಗಿನಲ್ಲಿ ಬೆಂಕಿ ಬಿದ್ದಿದೆಯೆಂದು ಇಬ್ಬರು ಖಲಾಸಿಗಳು ಬಕೆಟ್ಟು ಹಿಡಿದು ಓಡಿಬಂದರು.

ಹಡಗು ಕೂಗಿತು, ಹೊರಟಿತು. ಹೊರಟದ್ದೇ ತಡ, ಬಂದರಿನಿಂದಾಚೆಗೆ ಮೂತಿ ಮಾಡಲು ನಿಧಾನವಾಗಿ ತಿರುಗತೊಡಗಿತು. ಮೇಲೆ ನಿಂತು ಗಾಳಿ ತೆಗೆದುಕೊಳ್ಳುತ್ತಿದ್ದ ಓನರು ಆಕಾಶದಲ್ಲಿ ಸೂರ್ಯ ಜರುಗುತ್ತಿರುವುದನ್ನು ಕಂಡರು. ರೈತರ ಕಣ್ಣು, ಸೂರ್ಯ ಹಾಗೆ ಜರುಗುವವನಲ್ಲ ಎಂದು ಅವರಿಗೆ ತಕ್ಷಣ ಗೊತ್ತಾಯಿತು. "ಅಯ್ಯಯ್ಯೋ! ಬಾಗ್ಲು ತಿರಿಕ್ಕಂತಾ ಐತೆ!" ಎಂದು ಕೂಗುತ್ತಾ ಕೆಳಗೆ ಧುಮುಕಿದರು. ಅವರು ಕೆಳಗೆ ಮುಟ್ಟುವ ಹೊತ್ತಿಗೆ ಯಾವುದೋ ಸಾಮಾನು ಹಡಗಿಗೆ ದಾರಿ ಬಿಡಲೆಂದು ನಮ್ಮ ಹಡಗು ಅರ್ಧ ತಿರುಗಿ ನಿಂತುಬಿಟ್ಟಿತು. ಬಾಗಿಲು ನೆಟ್ಟಗೆ ದಕ್ಷಿಣಕ್ಕೆ.

ಅಷ್ಟದಿಕ್ಪಾಲಕರಿಗೆ ಒಂದೊಂದು ಮೂಲೆ ಹಂಚಿಕೊಟ್ಟ ನಮ್ಮ ಹಿರಿಯರು ಮನೆಯೆಂಬುದು ನಿಂತ ಕಡೆ ನಿಂತಿರುತ್ತದೆ ಎಂದು ನಂಬಿದ್ದರು. ಮನೆಯೇ ಎದ್ದು ಯಮನ ಕಡೆಗೆ ಮುಖ ತಿರುಗಿಸಿದರೆ ಏನು ಮಾಡಬೇಕು ಎಂಬುದಕ್ಕೆ ಯಾವ ಗ್ರಂಥದಲ್ಲೂ ಪರಿಹಾರವಿಲ್ಲ. ಓನರು ಪರಿಹಾರಕ್ಕಾಗಿ ಬಿಳಿ ಸಮವಸ್ತ್ರದ ಒಬ್ಬ ಅಧಿಕಾರಿಯನ್ನು ತಡೆದು ನಿಲ್ಲಿಸಿದರು. ಪುಣ್ಯಕ್ಕೆ ಆತ ಕಾರವಾರದ ಕಡೆಯವನು, ಕನ್ನಡ ಬರುತ್ತಿತ್ತು.

"ಮೂಡ್ಲು ಅಂತ ಜಾಸ್ತಿ ದುಡ್ ಈಸ್ಕೊಂಡವ್ರೆ. ವಸಿ ಇಂದಕ್ ತಿರುಗ್ಸಪ್ಪ."

"ಯಜಮಾನರೇ, ಗೋವಾ ಈ ಕಡೆ ಉಂಟು."

"ಅಂಗಾದ್ರೆ ಇಂದಿಂದಕ್ಕೇ ಓಗ್ಲಿ. ನಾವೇನ್ ಆತ್ರ ಮಾಡ್ತೀವಾ?"

ಅಧಿಕಾರಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಇಡೀ ಹಡಗು ಗೋವಾವರೆಗೆ ಹಿಮ್ಮುಖವಾಗಿ ಹೋಗುವುದನ್ನು ಆತ ಒಂದು ಕ್ಷಣ ನಿಜಕ್ಕೂ ಯೋಚಿಸಿದ ಎಂದು ನನಗೆ ಈಗಲೂ ಗುಮಾನಿ. ಕೊನೆಗೆ ಹಡಗು ಪೂರ್ತಿ ತಿರುಗಿ ನಮ್ಮ ಬಾಗಿಲು ಪಶ್ಚಿಮಕ್ಕೆ ನಿಂತಿತು. ಪಶ್ಚಿಮ ಅಡ್ಡಿಯಿಲ್ಲ, ವರುಣನದು, ನೀರಿನವನೇ ಎಂದು ನಾನು ಸಮಾಧಾನ ಹೇಳಿದೆ. ಆದರೆ ದಾರಿಯಲ್ಲಿ ಸಿಕ್ಕ ಊರೂರಿಗೂ ಹಡಗು ನಿಲ್ಲುತ್ತಿತ್ತು, ಓರೆಯಾಗುತ್ತಿತ್ತು, ಮತ್ತೆ ಹೊರಳುತ್ತಿತ್ತು. ಓನರು ಪ್ರತಿ ಸಲವೂ ಮೇಲೆ ಹತ್ತಿ ಸೂರ್ಯನನ್ನು ವಿಚಾರಿಸಿಕೊಂಡು ಬರುತ್ತಿದ್ದರು. ಇಂಜಿನ್ನಿನ ಸದ್ದು ನಮ್ಮ ಕಾರ್ಖಾನೆಯದೇ ಸದ್ದಾಗಿದ್ದರಿಂದ ನಾನು ಮಾತ್ರ ಹಾಯಾಗಿ ಒಂದು ನಿದ್ದೆ ತೆಗೆದೆ.

ಎಚ್ಚರವಾದಾಗ ಓನರು ಎದುರು ಮಂಚದಲ್ಲಿ ಬನಿಯನ್ನು ಬಿಚ್ಚಿ ಬೀಸಿಕೊಳ್ಳುತ್ತಿದ್ದರು. ಬೆವರು ಧಾರೆಧಾರೆ. ಎದ್ದು ಹೋಗಿ ಪರದೆ ಸರಿಸಿದರು, ತಗಡು ನೋಡಿದರು. ಅವರು ಅದನ್ನು ನೋಡಿದ್ದು ಅದೇ ಮೊದಲು.

"ಕಿಟ್ಕಿ ಎಲ್ಲಿ?"

"ಇಲ್ಲ," ಎಂದೆ.

"ಪರದೆ ಆಕವ್ರೆ!"

"ಪರದೆ ಮಾತ್ರ."

"ಅಲ್ಲಾ ಸಾರ್, ಇದು ಮನ್ಸ ಇರೋ ಜಾಗ್ವಾ?" ಓನರ ಗಂಟಲು ಏರಿತು. "ದುಡ್ ಈಸ್ಕೊಂಡು ಕಿಟ್ಕಿ ಇಲ್ದಿರೋ ರೂಮ್ ಕೊಡ್ತಾರಲ್ಲ, ಇವ್ರಿಗೇನ್ ದೇವ್ರು ದಿಂಡ್ರು ಇಲ್ವಾ? ಉಸ್ರು ಕಟ್ಕಂಡು ಎಂಗ್ ಬದ್ಕೋದು?"

ಸುಗುಣ ಕೆಳಗಿನ ಮಂಚದಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಬದುಕಬಹುದು ಓನರೇ. ಅಭ್ಯಾಸ ಆಗುತ್ತೆ. ನಮಗೆ ಆಗಿದೆಯಲ್ಲ."

ಬನಿಯನ್ನು ಅಲ್ಲೇ ನಿಂತಿತು. ಓನರು ನನ್ನ ಮುಖ ನೋಡಿದರು, ನಾನು ರಿವೆಟ್ಟು ನೋಡಿದೆ. ಇಂಜಿನ್ನು ಒಂದೇ ಸಮನೆ ಗುಡುಗುಟ್ಟುತ್ತಿತ್ತು. ಕೊನೆಗೆ ಅಕ್ಕಯಮ್ಮ ಎಲೆಅಡಿಕೆ ಚೀಲದ ದಾರ ಬಿಗಿಯುತ್ತಾ, "ಕೇಳುಸ್ತಾ?" ಎಂದರು ಗಂಡನಿಗೆ. ಆಮೇಲೆ ಸುಗುಣಳ ಕೈ ಹಿಡಿದು, "ಏಳವ್ವ, ಮ್ಯಾಲಕ್ ಓಗಾನ," ಎಂದು ಎಳೆದುಕೊಂಡು ಹೊರಟೇ ಬಿಟ್ಟರು.

ಮೇಲೆ ಡೆಕ್ಕೆಂಬ ತೆರೆದ ಅಟ್ಟದಲ್ಲಿ ಎಲ್ಲಕ್ಕಿಂತ ಅಗ್ಗದ ಟಿಕೆಟ್ಟಿನವರು ಚಾಪೆ ಹಾಸಿಕೊಂಡಿದ್ದರು. ಅವರಿಗೆ ಗೋಡೆಯೇ ಇಲ್ಲ, ಸುತ್ತ ಸಮುದ್ರ. ನಾವು ಅಲ್ಲಿ ಕೂರುವ ಹಾಗಿಲ್ಲ ಎಂದ ಟಿಕೆಟ್ಟು ತಪಾಸಣೆಯವನು. ನಮ್ಮದು ದೊಡ್ಡ ಟಿಕೆಟ್ಟಂತೆ, ಇಲ್ಲಿ ಕೂರಬೇಕಾದರೆ ಸಣ್ಣ ಟಿಕೆಟ್ಟನ್ನೂ ಕೊಳ್ಳಬೇಕಂತೆ! ಅಕ್ಕಯಮ್ಮ ಅವನ ಕೈಗೆ ನಾಲ್ಕು ಚಕ್ಕುಲಿ ಇಟ್ಟರು. ಅವನು ಬೇರೆ ಕಡೆ ಹೋದ. ರತ್ನಾಗಿರಿಯ ಒಂದು ಸಂಸಾರ ಚಾಪೆ ಸರಿಸಿ ಜಾಗ ಕೊಟ್ಟಿತು. ಸೂರ್ಯ ನೀರಿಗೆ ಇಳಿಯುತ್ತಿದ್ದ. ಸುಗುಣ ಬಹಳ ಹೊತ್ತು ನೋಡಿದಳು. ಇದಕ್ಕಾದರೂ ಖುಷಿಪಡುತ್ತಾಳೆ ಎಂದು ನಾನು ಪಕ್ಕದಲ್ಲಿ ಕೂತೆ.

"ಹೇಗಿದೆ?"

"ಚೆನ್ನಾಗಿದೆ ಕಣ್ರೀ. ಆದ್ರೆ ಇಷ್ಟೊಂದು ಬೇಡಿತ್ತು," ಎಂದಳು. "ಒಂದು ಕಿಟಕಿಯಷ್ಟು ಸಾಕಿತ್ತು."

ಸಂಸ್ಕೃತದಲ್ಲಿ ಕಿಟಕಿಗೆ ಗವಾಕ್ಷ ಎನ್ನುತ್ತಾರೆ, ಹಾಗೆಂದರೆ ಗೋವಿನ ಕಣ್ಣು ಎಂದು ಹೈಸ್ಕೂಲಿನ ಪಂಡಿತರು ಹೇಳಿದ್ದರು. ಲೋಕವೆಲ್ಲ ಒಟ್ಟಿಗೆ ಮೈಮೇಲೆ ಬಿದ್ದರೆ ತಾಳಲಾರೆವೆಂದು ಹಿಂದಿನವರು ಗೋಡೆ ಕಟ್ಟಿ, ಅದರಲ್ಲೊಂದು ಕಣ್ಣು ಬಿಟ್ಟುಕೊಂಡರೇನೋ. ಇದನ್ನು ಸುಗುಣಳಿಗೆ ವಿವರಿಸಹೊರಟೆ. "ಸುಮ್ನಿರ್ರೀ," ಎಂದಳು.

ಊರಿಗೆ ಬಂದ ಮೇಲೆ ಓನರು ಕೆಲವು ದಿನ ನಮ್ಮ ಬಾಗಿಲ ಕಡೆಗೇ ಸುಳಿಯಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಗಾರೆಯವನನ್ನು ಕರೆದುಕೊಂಡು ಬಂದರು. ಹಳೇ ಕಿಟಕಿಯ ಕಡೆ ಏನೂ ಮಾಡುವಂತಿರಲಿಲ್ಲ; ಅಲ್ಲಿ ಇನ್ನೊಂದು ಸಂಸಾರ ಬಾಡಿಗೆ ಕೊಡುತ್ತಿತ್ತು. ಎದುರುಗೋಡೆಗೆ ಕೈ ತೋರಿಸಿ, "ಇಲ್ಲಿ ಒಡಿ. ಅಡಗಿನ್ ಕಿಟ್ಕಿ ಇದ್ದಂಗೆ ಗುಂಡಗಿರ್ಲಿ," ಎಂದರು. ಗಾರೆಯವನು ಎಂದೂ ಗುಂಡನೆಯ ಕಿಟಕಿ ಇಟ್ಟವನಲ್ಲ. ಪೀಣ್ಯದ ಯಾವುದೋ ಶೆಡ್ಡಿನ ಹಿಂದೆ ಬಿದ್ದಿದ್ದ ಸಿಮೆಂಟು ಪೈಪಿನ ತುಂಡನ್ನು ಉರುಳಿಸಿಕೊಂಡು ಬಂದು ಗೋಡೆಯ ತೂತಿನಲ್ಲಿ ಕೂರಿಸಿಬಿಟ್ಟ.

ಸಿಮೆಂಟು ಒಣಗಿದ ಮೇಲೆ ಸುಗುಣ ಕಾಫಿ ಲೋಟ ಹಿಡಿದು ಹೋಗಿ ನಿಂತಳು. ಆಚೆ ಓನರ ಕೊಟ್ಟಿಗೆ. ಅವರ ಎಮ್ಮೆ ಇದೇನು ಹೊಸದು ಎಂದು ಹತ್ತಿರ ಬಂದು ಪೈಪಿಗೆ ಕಣ್ಣಿಟ್ಟು ಒಳಗೆ ನೋಡಿತು. ಕಿಟಕಿಯ ತುಂಬ ಕಣ್ಣು. ಇವಳು ಅದನ್ನು ನೋಡಿದಳು, ಅದು ಇವಳನ್ನು ನೋಡಿತು. ಅಷ್ಟು ದಿನಗಳ ಮೇಲೆ ಸುಗುಣ ಗಟ್ಟಿಯಾಗಿ ನಕ್ಕಳು. ನಾನು ಹೊರಗೆ ಮುಖ ತೊಳೆಯುತ್ತಿದ್ದವನು ಹಾಗೇ ನಿಂತು ಕೇಳಿಸಿಕೊಂಡೆ.

ತಿಂಗಳ ಮೊದಲಲ್ಲಿ ಬಾಡಿಗೆಗೆ ಬಂದ ಓನರು ನೆಲ ನೋಡುತ್ತಾ, ಟವೆಲ್ಲು ಹಿಂಡುತ್ತಾ ಹೇಳಿದರು: "ಬಾಡ್ಗೆ ಅಷ್ಟೇ ಸಾರ್, ಅದ್ರಾಗೇನಿಲ್ಲ. ಆದ್ರೆ... ಕಿಟ್ಕಿ ಬ್ಯಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದೆ. ಒಳಗಿನಿಂದ, ಎಮ್ಮೆಗೆ ಬಾಳೆಹಣ್ಣಿನ ಸಿಪ್ಪೆ ತಿನ್ನಿಸುತ್ತಾ, ಸುಗುಣ ಕೂಗಿದಳು: "ಕೊಟ್ಬಿಡ್ರೀ! ಈ ಸಲ ಪರದೆ ಸರಿಸಿ ನೋಡಿದೀನಿ. ಇದೆ."