ಸ್ಪ್ಯಾನಿಷ್‌ನಲ್ಲಿ ಹೋಗಿ ಬರುವುದು

ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ವ್ಯಾಕರಣದಲ್ಲಿ ಫೇಲಾಗುತ್ತಿದ್ದೇನೆ ಎಂದು ತಿಳಿದರೆ ನನ್ನ ಹಳೆಯ ವಿದ್ಯಾರ್ಥಿಗಳು ಪಟಾಕಿ ಹೊಡೆದಾರು. ವಿಜಯನಗರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವಳು ನಾನು. ವಿಭಕ್ತಿ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ ಪಾಪ ನನ್ನ ತಲೆಯ ಮೇಲಿದೆ. ಈಗ ಮೊಬೈಲಿನ ಸ್ಪ್ಯಾನಿಷ್ ಪಾಠ ದಿನವೂ ನನ್ನ ಉತ್ತರಗಳಿಗೆ ಕೆಂಪು ಬಳಿದು ಅದರ ಸೇಡು ತೀರಿಸಿಕೊಳ್ಳುತ್ತಿದೆ.

ಇದಕ್ಕೆಲ್ಲ ಕಾರಣ ರೋಸಾ. ಬಸವೇಶ್ವರನಗರದ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಕಿರಣನ ಹೆಂಡತಿ ಮೆಕ್ಸಿಕೋದವಳು. ಅವಳ ಬಾಣಂತನಕ್ಕೆಂದು ಮೂರು ತಿಂಗಳ ಮಟ್ಟಿಗೆ ಬಂದ ತಾಯಿಯೇ ಈ ರೋಸಾ. ನನಗಿಂತ ಹತ್ತು ವರ್ಷ ಹಿರಿಯರು. ಸಂಜೆ ಮಗು ಮಲಗಿದ ಮೇಲೆ ಇಳಿದು ಬಂದು ನಮ್ಮ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮಾತಾಡಿಯೇ ಸಂಬಳ ತೆಗೆದುಕೊಂಡವಳು ಎಷ್ಟು ದಿನ ಅಂತ ಬರೀ ನಗುವುದು? ಅವರು ವಿಮಾನ ಹತ್ತುವುದರೊಳಗೆ ಅವರದೇ ಭಾಷೆಯಲ್ಲಿ ಮನಸಾರೆ ಹರಟಲೇಬೇಕು ಎಂದು ಹಟ ಹಿಡಿದೆ.

ಮೊದಲ ವಾರವೇ ಲಿಂಗ ಕಾಡಿತು. ನಮ್ಮಲ್ಲಿ ಮೇಜು, ಮಡಕೆ, ಮಂಚ ಎಲ್ಲವೂ ನಪುಂಸಕ; ಯಾರ ಗೊಡವೆಯೂ ಇಲ್ಲದೆ ತಮ್ಮ ಪಾಡಿಗೆ ಇರುತ್ತವೆ. ಸ್ಪ್ಯಾನಿಷ್‌ನಲ್ಲಿ ಮೇಜು ಹೆಣ್ಣು. ಅಡುಗೆಮನೆಯೂ ಹೆಣ್ಣು, ಅಷ್ಟು ದೂರ ಹೋದರೂ ಅದು ತಪ್ಪಲಿಲ್ಲ. ಕೊನೆಯಲ್ಲಿ ‘ಆ’ ಬಂದರೆ ಹೆಣ್ಣು ಎಂದು ಬರೆದುಕೊಂಡ ಮರುದಿನವೇ ‘ಪ್ರೊಬ್ಲೇಮಾ’ ಎದುರಾಯಿತು. ಸಮಸ್ಯೆ ಎಂದರ್ಥ. ಅದು ಮಾತ್ರ ಗಂಡು! ಪೇಪರ್ ಓದುತ್ತಿದ್ದ ನನ್ನವರಿಗೆ ಹೇಳಿದೆ. “ಇದಕ್ಕೆ ಸ್ಪ್ಯಾನಿಷ್ ಬೇರೆ ಬೇಕಿತ್ತಾ? ನಿಂಗೆ ಮದ್ವೆ ಆದಾಗಿಂದ್ಲೇ ಗೊತ್ತಿತ್ತಲ್ಲ” ಎಂದು ಪುಟ ತಿರುಗಿಸಿದರು.

ಆದರೆ ‘ಮೆ ಗುಸ್ತಾ ಎಲ್ ಕಫೆ’ ಬಂದ ದಿನ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಂಗ್ಲಿಷಿನವನು ಕಾಫಿಯನ್ನು ಇಷ್ಟಪಡಬೇಕಾದರೂ ‘ನಾನು’ ಎಂದು ಎದೆಯುಬ್ಬಿಸಿ ಮುಂದೆ ನಿಲ್ಲುತ್ತಾನೆ. ಇವರು ನಮ್ಮ ಹಾಗೆ ‘ನನಗೆ ಕಾಫಿ ಇಷ್ಟ’ ಎನ್ನುತ್ತಾರೆ. ಸಾಕ್ಷಾತ್ ಚತುರ್ಥಿ ವಿಭಕ್ತಿ! ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನೆಂಟರು ಸಿಕ್ಕಂತಾಯಿತು. ಆ ಒಂದು ವಾಕ್ಯ ಹೊತ್ತು ಮಹಡಿ ಹತ್ತಿದೆ. ರೋಸಾ ನನ್ನ ಕೈ ಹಿಡಿದು ಕುಣಿದರು, ಕಾಫಿ ಮಾಡಿದರು. ಮೊಮ್ಮಗಳಿಗೆ ಯಾರ ಮೂಗು ಬಂದಿದೆ, ನಮ್ಮಿಬ್ಬರಿಗೆ ಯಾವ ಮೊಣಕಾಲು ನೋವು ಎಂಬಲ್ಲಿಯವರೆಗೂ ಹೋದೆವು. ನೋವಿಗೂ ಅವರದು ಅದೇ ವಿಭಕ್ತಿ.

ಎಡವಟ್ಟಾದದ್ದು ಹೊರಡುವಾಗ. ‘ಹೋಗ್ತೀನಿ’ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹಾಗನ್ನಬಾರದೆಂದು ಅಜ್ಜಿ ತಲೆಗೆ ಮೊಟಕಿ ಕಲಿಸಿದ್ದರು. ಆದ್ದರಿಂದ ‘ಹೋಗಿ ಬರ್ತೀನಿ’ಯನ್ನು ಪದಕ್ಕೆ ಪದ ಇಟ್ಟು “ವೊಯ್ ಇ ವೆಂಗೊ” ಎಂದೆ. ಎರಡು ಕ್ರಿಯಾಪದ, ಎರಡೂ ಸರಿ. ಬೀಗುತ್ತಾ ಇಳಿದು ಬಂದು ಅಡುಗೆಗಿಟ್ಟೆ.

ಗಂಟೆ ಕಳೆದ ಮೇಲೆ ಕಿರಣ ಬಂದ. “ಆಂಟಿ, ಈಗ್ಲೇ ಬರ್ತೀನಿ ಅಂದ್ರಂತೆ? ನಮ್ಮತ್ತೆ ಬಾಗಿಲು ತೆಗ್ದಿಟ್ಟು ಕಾಯ್ತಾ ಕೂತಿದಾರೆ. ಎರಡನೇ ಸಲ ಕಾಫಿಗಿಟ್ರು.”

“ಹೋಗಿ ಬರ್ತೀನಿ ಅಂದೆ ಕಣಪ್ಪಾ. ಎಲ್ರೂ ಹಾಗೇ ಅಲ್ವಾ ಅನ್ನೋದು?”

“ನಮ್ಮಲ್ಲಿ ಆಂಟಿ. ಅವರಲ್ಲಿ ಹಾಗಂದ್ರೆ ನಿಜವಾಗ್ಲೂ ಬರ್ಬೇಕು!”

ಒಲೆ ಆರಿಸಿ ಓಡಿದೆ. ಕಿರಣ ವಿವರಿಸಿದ ಮೇಲೆ ರೋಸಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ನಾವು ಹಾಗೇಕೆ ಹೇಳುತ್ತೇವೆ ಎಂಬುದನ್ನು ಅವನಿಂದ ಇನ್ನೊಮ್ಮೆ ಹೇಳಿಸಿಕೊಂಡರು.

ಅಂದಿನಿಂದ ದಿನವೂ ಸಂಜೆ ನಮ್ಮ ಹರಟೆ. ನನಗೆ ಭೂತಕಾಲ ಇನ್ನೂ ಬಂದಿರಲಿಲ್ಲ; ನನಗೆ ತಿಳಿಯಲೆಂದು ರೋಸಾ ಕೂಡ ಅದನ್ನು ಕೈಬಿಟ್ಟರು. ಹಾಗಾಗಿ ನನ್ನ ಅಮ್ಮ, ರೋಸಾ ಅವರ ಗಂಡ, ತೀರಿಕೊಂಡವರೆಲ್ಲರೂ ಆ ಮೆಟ್ಟಿಲ ಮೇಲೆ ವರ್ತಮಾನದಲ್ಲಿ ಹಾಡುತ್ತಿದ್ದರು, ಜಗಳ ಆಡುತ್ತಿದ್ದರು, ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದರು. ನನಗೆ ತುಂಬಾ ಸಂತೋಷವಾಗುತ್ತಿತ್ತು.

ಮೊನ್ನೆ ಸಂಜೆ ಅವರು ಹೊರಟರು. ಆ ವಯಸ್ಸಿನಲ್ಲಿ, ಆ ಮೊಣಕಾಲಿನಲ್ಲಿ, ಮತ್ತೆ ಇಷ್ಟು ದೂರ ಬರುವುದುಂಟೇ ಎಂದು ನನಗೆ ಸಂಕಟ. ಬಾಯಿಪಾಠ ಮಾಡಿದ್ದ ವಾಕ್ಯ ಗೇಟಿನ ಹತ್ತಿರ ಬರುವಷ್ಟರಲ್ಲಿ ಮರೆತುಹೋಯಿತು. ಟ್ಯಾಕ್ಸಿ ಹತ್ತುವ ಮೊದಲು ರೋಸಾ ನನ್ನ ಎರಡೂ ಕೆನ್ನೆ ಹಿಡಿದು, “ವೊಯ್ ಇ ವೆಂಗೊ” ಎಂದರು.

ಟ್ಯಾಕ್ಸಿ ತಿರುವಿನಲ್ಲಿ ಮರೆಯಾಯಿತು. ಒಳಗೆ ಬಂದ ನನ್ನವರು ಬಾಗಿಲು ಹಾಕಲು ಹೋದರು.

“ತೆಗ್ದೇ ಇರ್ಲಿ ಬಿಡಿ” ಎಂದೆ.

“ಸೊಳ್ಳೆ ಬರ್ತವೆ ಕಣೇ.”

“ಬರ್ಲಿ” ಎಂದು ಕಾಫಿಗಿಟ್ಟೆ.