ಅರ್ಧ ಚೆಂಡಿಗೆ ಎಷ್ಟು ಬಣ್ಣ

ನಾನು ಚಿಕ್ಕವನಿದ್ದಾಗ ಬಲು ಸಾಧು ಹುಡುಗ ಎಂದು ನಿಮ್ಮಜ್ಜಿ ಹೇಳಿದರೆ ನಂಬಬೇಡಿ, ಮಕ್ಕಳೇ. ಆಗ ಅವಳು ನನ್ನನ್ನು ನೋಡಿಯೇ ಇರಲಿಲ್ಲ.

ಅಪ್ಪ ಬ್ಯಾಂಕಿನಲ್ಲಿದ್ದರು. ಮೊದಲು ವಿಜಯವಾಡ, ಆಮೇಲೆ ವಿಶಾಖಪಟ್ಟಣಕ್ಕೆ ವರ್ಗ. ಅಲ್ಲೇ ಬೆಳೆದ ನನಗೆ ತೆಲುಗು ನೀರು ಕುಡಿದಷ್ಟು ಸಲೀಸು. ನನಗಿಂತ ಒಂದು ವರ್ಷ ದೊಡ್ಡವಳಾದ ಅಕ್ಕ ಧಾರವಾಡದಲ್ಲಿ ಅಜ್ಜಿಯ ಹತ್ತಿರ ಓದಿ, ನಾನೀಗ ಹೇಳುವ ವರ್ಷವಷ್ಟೇ ನಮ್ಮಲ್ಲಿಗೆ ಬಂದಿದ್ದಳು. ಅವಳಿಗೆ ತೆಲುಗು ಬರುತ್ತಿರಲಿಲ್ಲ.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಒಂದು ಮಹಡಿಯ ಮೇಲೆ, ತಗಡಿನ ಶೆಡ್ಡಿನಲ್ಲಿ ನಮ್ಮಿಬ್ಬರಿಗೂ ಸಂಜೆ ಟ್ಯೂಷನ್. ಸೀಮೆಸುಣ್ಣದ ಧೂಳು, ಬೆವರು, ಸಮುದ್ರದ ಅಂಟು ಗಾಳಿ. ಸಾರ್ ಎಂದೂ ತಾವು ಹೊಡೆಯುತ್ತಿರಲಿಲ್ಲ. ತಪ್ಪು ಹೇಳಿದವರಿಗೆ ಸರಿ ಹೇಳಿದವರ ಕೈಯಲ್ಲಿ ಹೊಡೆಸುತ್ತಿದ್ದರು.

ಆ ದಿನ ಸಾರ್ ಹಲಗೆಯ ಮೇಲೆ ಚಿತ್ರ ಬರೆದು ಕೇಳಿದ ಲೆಕ್ಕ ಇದು. ಮರದ ಚೆಂಡನ್ನು ಸರಿಯಾಗಿ ಅರ್ಧಕ್ಕೆ ಕೊಯ್ದು, ಒಂದು ಹೋಳಿಗೆ ಎಲ್ಲ ಕಡೆ ಬಣ್ಣ ಬಳಿಯಬೇಕು. ಕೊಯ್ದ ಜಾಗದ ವೃತ್ತಕ್ಕೆ ಬೇಕಾದ ಬಣ್ಣದ ಎಷ್ಟು ಪಟ್ಟು ಬೇಕು? ಇಡೀ ಚೆಂಡಿಗೆ ನಾಲ್ಕು ಪಟ್ಟು, ಅರ್ಧಕ್ಕೆ ಎರಡು ಎಂದೆ. ಅದೇ ಸರಿಯೆಂದು ಸಾರ್ ಬೆನ್ನು ತಟ್ಟಿದರು. ಅಕ್ಕ ಮೂರು ಬೆರಳು ಎತ್ತಿದಳು.

"ಕೊಯ್ದ ಮುಖಕ್ಕೂ ಬಣ್ಣ ಹಚ್ಚಬೇಕಲ್ಲೋ? ಅದೊಂದು ವೃತ್ತ ಐತಲ್ಲ. ಸರ್‌ಗೆ ತೆಲುಗಿನ್ಯಾಗ ಹೇಳೋ," ಎಂದಳು ನನಗೆ.

ನನಗೆ ಥಟ್ಟನೆ ಹೊಳೆಯಿತು. ಗುಂಡು ಬೆನ್ನಿಗೆ ಎರಡು, ಚಪ್ಪಟೆ ಮುಖಕ್ಕೆ ಒಂದು, ಮೂರೇ ಸರಿ. ಹೇಳಿದರೆ ಏಟು ನನಗೆ.

"ಮೀ ಅಕ್ಕ ಏಮಂಟೋಂದಿರಾ?" ನಿಮ್ಮಕ್ಕ ಏನನ್ನುತ್ತಾಳೆ ಎಂದು ಸಾರ್ ಕೇಳಿದರು.

"ತೆಲೀದಂಟ ಸಾರ್," ಎಂದೆ. ಗೊತ್ತಿಲ್ಲವಂತೆ ಎಂದು. ಅಷ್ಟು ತೆಲುಗು ಅವಳಿಗೂ ತಿಳಿಯುತ್ತಿತ್ತು.

ಮೂರು ಅಂದದ್ದಕ್ಕೆ ಮೂರು ಏಟು. ಮರದ ಅಡಿಪಟ್ಟಿಯಿಂದ ಬಲವಾಗಿಯೇ ಹೊಡೆದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಕ್ಕ ಕೈ ಹಿಂದೆಗೆಯಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

ಮನೆಯಲ್ಲಿ ಅಪ್ಪ ಊದಿದ ಅಂಗೈ ಕಂಡು ಏನಾಯಿತೆಂದು ಕೇಳಿದರು. "ಬಾಗಲದಾಗ ಸಿಕ್ಕಿತ್ರೀ ಅಪ್ಪಾ," ಎಂದಳು. ಆಮೇಲೆ ಒಂದು ಮೋಸಂಬಿ ಕೊಯ್ದು, ಅರ್ಧ ಹೋಳನ್ನು ಕೊಯ್ದ ಮುಖ ಮೇಲಾಗಿ ನನ್ನ ತಟ್ಟೆಗಿಟ್ಟಳು. ನಾನು ತಿಂದೆ. ಸಿಹಿಯಾಗಿತ್ತು.

ಮುಂದೆಂದೂ ಅವಳು ನನ್ನಿಂದ ತೆಲುಗಿನಲ್ಲಿ ಏನನ್ನೂ ಹೇಳಿಸಲಿಲ್ಲ. ಅಂಗಡಿಯವರ ಹತ್ತಿರ ಮಾತಾಡುತ್ತ ತಾನೇ ಕಲಿತಳು. ನಾನು ಈವರೆಗೂ ತಪ್ಪಾಯಿತು ಎಂದಿಲ್ಲ.

ನಿಮ್ಮ ಶಾಲೆಯಲ್ಲಿ ಅಡಿಪಟ್ಟಿ ಇರುವುದು ಗೆರೆ ಎಳೆಯುವುದಕ್ಕಷ್ಟೇ. ಯಾರು ಯಾವ ಭಾಷೆ ಆಡಿದರೂ ನಿಮ್ಮ ಕಿವಿಯ ಯಂತ್ರ ಇದ್ದದ್ದನ್ನು ಇದ್ದ ಹಾಗೆ ನಿಮ್ಮ ಭಾಷೆಯಲ್ಲಿ ತಿಳಿಸುತ್ತದೆ. ಆ ಸಂಜೆ ಅಕ್ಕನಿಗೆ ಇದ್ದವನು ನಾನೊಬ್ಬನೇ.