ರಕ್ತದ ತಂಟೆಗೆ ಹೋಗದ ಅಣು

ಪರಾನಾ ನದಿಯ ಮೇಲೆ ಬೆಳಕು ಹರಿಯುವ ಮೊದಲೇ ಒಫೆಲಿಯಾ ಬೆರ್ತೊಲಿನಿ ಪ್ರಯೋಗಾಲಯದಲ್ಲಿ ತೋಳು ಚಾಚಿ ಕುಳಿತಿದ್ದಾರೆ. ಹೊಸ ಅಣುವಿನ ಪರೀಕ್ಷೆಗೆಂದು ದಾದಿ ಅವರ ರಕ್ತ ತೆಗೆದು, ಪಕ್ಕದಲ್ಲಿರುವ ಮುಖ್ಯಸ್ಥ ನೆಸ್ತೋರ್ ಅವರದನ್ನೂ ತೆಗೆಯಲು ತಿರುಗುತ್ತಾಳೆ. ನಮ್ಮ ರೊಸಾರಿಯೋ ನಗರದಲ್ಲಿ ದೊಡ್ಡ ಫುಟ್ಬಾಲ್ ಕ್ಲಬ್ಬು ಎರಡು, ಜಗಳ ದಿನವೂ. ಇವರಿಬ್ಬರದೂ ಬೇರೆ ಬೇರೆ ಕ್ಲಬ್ಬು.

"ನಿನ್ನ ರಕ್ತ ಒಡೆದ್ರೆ ನನ್ನ ಅಣುವನ್ನ ಬೈಬೇಡ ಕಣೋ. ಭಾನುವಾರ ಸೋತವರ ರಕ್ತ ಮೊದಲೇ ನೀರಾಗಿರುತ್ತೆ" ಎನ್ನುತ್ತಾರೆ ಒಫೆಲಿಯಾ.

"ಸೂಜಿಗಿಂತ ನಿನ್ನ ಬಾಯೇ ಚೂಪು ಮಾರಾಯ್ತಿ!" ಎನ್ನುತ್ತಾ ನೆಸ್ತೋರ್ ತೋಳು ಚಾಚುತ್ತಾರೆ.

ಒಫೆಲಿಯಾ ಅಣು ಕಟ್ಟುವವರು. ಬ್ಯಾಕ್ಟೀರಿಯಾದ ಮೈ ಹೊದ್ದಿರುವ ತೆಳು ಕೊಬ್ಬು ನಮ್ಮ ಜೀವಕೋಶದ ಕೊಬ್ಬಿನಂತಲ್ಲ. ಅದರ ಹೊರಮೈಯಲ್ಲಿ ಋಣ ವಿದ್ಯುದಂಶ ಹೆಚ್ಚು. ಆ ಕೊಬ್ಬನ್ನು ಮಾತ್ರ ಗುರುತಿಸಿ ಹಿಡಿಯುವ ಅಣು ಸಿಕ್ಕರೆ, ಯಾವ ಔಷಧಿಗೂ ಬಗ್ಗದ ಸೋಂಕಿಗೆ ಒಂದು ದಾರಿಯಾದೀತು.

"ಕೊಲ್ಲೋದು ಏನು ಮಹಾ? ಸೋಪೂ ಕೊಲ್ಲುತ್ತೆ. ಯಾರನ್ನ ಬಿಡ್ಬೇಕು ಅಂತ ಗೊತ್ತಿರ್ಬೇಕು" ಎನ್ನುತ್ತಾರೆ ಒಫೆಲಿಯಾ.

ಹಾಲಿನ ಕಾರ್ಖಾನೆಯಲ್ಲಿ ಕೊಬ್ಬು ಅಳೆಯುತ್ತಿದ್ದವರು ರಾತ್ರಿ ತರಗತಿಯಲ್ಲಿ ರಸಾಯನಶಾಸ್ತ್ರ ಓದಿ ಇಲ್ಲಿಗೆ ಬಂದಿದ್ದಾರೆ. ಪ್ರಬಂಧಗಳ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರಿರುತ್ತದೆ. ಅಷ್ಟು ಹೊತ್ತಿಗೆ ಓದುಗರು ಪುಟ ಮಗುಚಿರುತ್ತಾರೆ.

ಹೋದ ವರ್ಷದ ಅಣು ಬ್ಯಾಕ್ಟೀರಿಯಾವನ್ನು ಕ್ಷಣದಲ್ಲಿ ಮುಗಿಸಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಎಲ್ಲರೂ ಸೇರಿ ಅಂಗಳದಲ್ಲಿ ಕೆಂಡ ಹಾಕಿ ಮಾಂಸ ಸುಟ್ಟು ಸಂಭ್ರಮಿಸಿದರು. ಮರುದಿನ ರಕ್ತದ ಪರೀಕ್ಷೆ. ಕೆಂಪುಕಣಗಳೆಲ್ಲ ಒಡೆದು ನಳಿಕೆ ಪೂರ್ತಿ ಕೆಂಪು. "ಮನೆಗೆ ಹೋಗಿ ಅತ್ತುಬಿಟ್ಟೆ" ಎಂದು ಒಫೆಲಿಯಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಈ ಸಲದ ಅಣುವೂ ಕೆಂಪುಕಣಗಳನ್ನು ಒಡೆದರೆ ಈ ಜಾತಿಯ ಅಣುಗಳ ಕೆಲಸವನ್ನೇ ನಿಲ್ಲಿಸುವುದೆಂದು ತೀರ್ಮಾನವಾಗಿದೆ.

ಈ ಸಲ ಅವರು ಅಣುವಿನ ಉದ್ದನೆಯ ಜಿಡ್ಡಿನ ಬಾಲವನ್ನು ಕತ್ತರಿಸಿದ್ದಾರೆ. ಅದರ ಶಕ್ತಿಯೇ ಬಾಲದಲ್ಲಿದೆ ಎಂದು ನೆಸ್ತೋರ್ ಬೇಡವೆಂದಿದ್ದರು.

"ಬಾಲ ಕಂಡಕಂಡವರಿಗೆಲ್ಲ ಅಂಟ್ಕೊಳ್ಳುತ್ತೆ. ಗುರುತು ಹಿಡಿಯೋದು ತಲೆ. ನಾನು ತಲೆ ನಂಬ್ತೀನಿ" ಎಂಬುದು ಒಫೆಲಿಯಾರ ಉತ್ತರ.

ಬಾಲವಿಲ್ಲದ ಅಣು ನಿನ್ನೆಯೇ ಬ್ಯಾಕ್ಟೀರಿಯಾವನ್ನು ಕೊಂದಿದೆ. ಉಳಿದಿರುವುದು ರಕ್ತ. ಇಬ್ಬರ ಕೆಂಪುಕಣಗಳನ್ನೂ ತೊಳೆದು, ಅಣು ಬೆರೆಸಿ, ಬೆಚ್ಚಗಿಟ್ಟು, ಯಂತ್ರದಲ್ಲಿ ತಿರುಗಿಸಿದ್ದಾಯಿತು. ಒಫೆಲಿಯಾ ಮುಚ್ಚಳ ತೆಗೆಯುತ್ತಾರೆ.

ಎರಡೂ ನಳಿಕೆಗಳಲ್ಲಿ ಕೆಂಪು ತಳದಲ್ಲಿ ಕುಳಿತಿದೆ. ಮೇಲೆ ತಿಳಿನೀರು. ಕಣಗಳು ಒಡೆದಿಲ್ಲ.

ನೆಸ್ತೋರ್ ಮೊಗಸಾಲೆಗೆ ಹೋಗಿ ಸೋರೆಬುರುಡೆಯಲ್ಲಿನ ಎಲೆಪುಡಿಗೆ ಬಿಸಿನೀರು ಹಾಕಿ, ಇಲ್ಲಿನವರು ಚಹಾದಂತೆ ಕುಡಿಯುವ ಮಾಟೆ ಕಷಾಯವನ್ನು ಹಿಂದೆಯೇ ಬಂದ ಒಫೆಲಿಯಾಗೆ ಚಾಚುತ್ತಾರೆ. "ಮಾಂಸ ಸುಡೋಣ್ವಾ?"

"ಇಲಿಗಳ ಪರೀಕ್ಷೆ ಮುಗೀಲಿ. ಆಮೇಲೆ ನೀನೇ ಕೊಡಿಸು."

ಒಫೆಲಿಯಾ ಕಷಾಯ ಹೀರುತ್ತಾ ನೆಸ್ತೋರ್ ಅವರ ರಕ್ತದ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಮುಖದಲ್ಲಿ ನಗು ಅಡಗುತ್ತಿಲ್ಲ.

"ನನ್ನ ಅಣು ನಿಮ್ಮ ಕ್ಲಬ್ಬಿನವರನ್ನೂ ಏನೂ ಮಾಡದೆ ಬಿಟ್ಟಿದೆ ನೋಡು. ನಾನಾಗಿದ್ರೆ ಬಿಡ್ತಿರ್ಲಿಲ್ಲ."